ರೆಡಿಮೇಡ್ ಬೇಡ

ಭರಮಸಾಗರದಲ್ಲಿ ಬಟ್ಟೆ ಹೊಲಿಯುವ ಯಶೋದಾಳಿಗೆ ರೆಡಿಮೇಡ್ ಎಂದರೆ ಆಗದು. ಮಗಳು ಪ್ರೀತಿ ಹೊಳಲ್ಕೆರೆಯಲ್ಲಿ ಅಪ್ಪನ ಜೊತೆಗಿದ್ದಾಳೆ. ತಾಯಿಯ ಹತ್ತಿರ ಬರುವುದು ಭಾನುವಾರ ಮಾತ್ರ. ಅವಳಿಗೆ ಗೇಮಿಂಗ್ ಕಂಪ್ಯೂಟರ್ ಬೇಕಿತ್ತು.

“ರೆಡಿ ಇರೋದೇ ಐತಲ್ರಿ, ತಗಂಡೋಗ್ರಿ,” ಎಂದ ದುರ್ಗದ ಅಂಗಡಿಯವ.

“ಬ್ಯಾಡ, ಬಿಡಿ ಸಾಮಾನೇ ಕೊಡ್ರಿ. ನಾವೇ ಜೋಡಿಸ್ಕಂತೀವಿ,” ಎಂದಳು ಯಶೋದಾ.

ಜೋಡಿಸಲು ನಾಲ್ಕಾರು ಭಾನುವಾರವಾದರೂ ಬೇಕು, ಅಷ್ಟು ದಿನ ಮಗಳು ಪಕ್ಕದಲ್ಲೇ ಕೂತಿರುತ್ತಾಳೆ ಎಂಬುದು ಅವಳ ಎಣಿಕೆ. ಹೊಲಿಗೆಯ ಮೇಜು ತೆರವು ಮಾಡಿ, ಸ್ಕ್ರೂಗಳನ್ನು ಗುಂಡಿ ಡಬ್ಬಿಗೆ ಹಾಕಿಟ್ಟು ಕಾದಳು.

ಪ್ರೀತಿ ವಿಡಿಯೋ ನೋಡಿ ಕಲಿತೇ ಬಂದಿದ್ದಳು. ಯಶೋದಾ ಅಡುಗೆ ಮುಗಿಸುವಷ್ಟರಲ್ಲಿ ಕಂಪ್ಯೂಟರ್ ಸಿದ್ಧವಾಗಿತ್ತು. ಇಲ್ಲಿ ನೆಟ್ ಇಲ್ಲವೆಂದು, ಊಟಕ್ಕೂ ನಿಲ್ಲದೆ ಅಪ್ಪನ ಕಾರಿನಲ್ಲಿ ಅದನ್ನು ಒಯ್ದಳು.

ಸಂಜೆ ಯಶೋದಾ ಫೋನ್ ಮಾಡಿದಳು. “ಒಂದು ಸ್ಕ್ರೂ ಇಲ್ಲೇ ಉಳ್ದೈತೆ ಕಣೇ. ಬಂದು ಹಾಕ್ಕಂಡು ಹೋಗು.”

“ಅದು ಎಕ್ಸ್‌ಟ್ರಾ ಅಮ್ಮ. ಅದಿಲ್ದಿದ್ರೂ ನಡಿತೈತೆ.”