ಅಣ್ಣನ ಕಾಲರ್ ಬೋನ್ ಮತ್ತು ಆಂಜನೇಯನ ಹೂವು

ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಅನ್ನುತ್ತೇವಲ್ಲ, ನಾನು ಅಣ್ಣನ ಭುಜಕ್ಕೂ ಹಾಗೇ ಅನ್ನುವವಳು. ಅವನು ಕೈಯೆತ್ತಿದಾಗೆಲ್ಲ ಕತ್ತಿನ ಬುಡದಲ್ಲಿ ‘ಟಕ್’ ಅನ್ನುತ್ತದೆ. ಗೋಡೆಯಾಚೆ ಅಕ್ಕಿ ಆರಿಸುತ್ತಿದ್ದರೂ ನನಗೆ ಕೇಳುತ್ತದೆ. ಹಲ್ಲಿ ನುಡಿದರೆ ಆಡಿದ ಮಾತು ನಿಜವಂತೆ. ಈ ಮೂಳೆ ಮಾತ್ರ ನಾನು ಸುಳ್ಳಾಡಿದಾಗ ತಪ್ಪದೆ ನುಡಿಯುತ್ತದೆ. ಏಳನೇ ಕ್ಲಾಸಿಗೆ ಓದು ಬಿಟ್ಟವಳ ಭ್ರಮೆ ಎಂದು ನಗುತ್ತೀರಾ? ನಗಿ, ಆದರೆ ನಮ್ಮ ಮನೆಯಲ್ಲಿ ಕೂತು ನಗಬೇಡಿ.

ಚಾಮರಾಜಪೇಟೆಯಲ್ಲಿ ಅಣ್ಣನದು ದಿನಸಿ ಅಂಗಡಿ. ಹೋದ ವರ್ಷ ಮಳೆಯಲ್ಲಿ ಸ್ಕೂಟರ್ ಜಾರಿ ಬಿದ್ದು ಕಾಲರ್ ಬೋನ್, ಅದೇ ಕತ್ತಿನ ಬುಡದ ಎಲುಬು, ಮುರಿದುಕೊಂಡ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. ಅಣ್ಣ ನನ್ನ ಪಕ್ಕದಲ್ಲೇ ಕೂತಿದ್ದಾನೆ; ಅವನ ಎಲುಬಿನ ಹಿಂದೆ ಹೊರಗಿನ ಹೊಂಗೆಮರ ಅಲ್ಲಾಡುತ್ತಿದೆ.

“ತುಂಡುಗಳು ದೂರ ಸರಿದಿವೆ. ಪ್ಲೇಟ್ ಹಾಕಿದ್ರೆ ಕೂಡೋ ಭರವಸೆ ಜಾಸ್ತಿ. ಆದ್ರೆ ಕೊಯ್ಯಬೇಕು, ಕೀವಾಗೋ ಭಯಾನೂ ಇರುತ್ತೆ. ಕೈಗೆ ಜೋಳಿಗೆ ಕಟ್ಟಿ ಬಿಟ್ರೂ ತುಂಬ ಜನಕ್ಕೆ ಕೂಡುತ್ತೆ. ಯೋಚನೆ ಮಾಡಿ ಹೇಳಿ.”

ನಮ್ಮಲ್ಲಿ ಯೋಚನೆ ಮಾಡುವುದೆಂದರೆ ಆಂಜನೇಯನಲ್ಲಿ ಹೂ ಕೇಳುವುದು. ಬಲಗಡೆಯಿಂದ ಬಿದ್ದರೆ ಆಗಲಿ, ಎಡಗಡೆಯಿಂದ ಬಿದ್ದರೆ ಬೇಡ. ಅಣ್ಣ ನನ್ನನ್ನು ಕಳಿಸಿದ. ‘ಆಪರೇಷನ್ ಮಾಡಿಸಲಾ’ ಎಂದು ಕೇಳಿ ಮುಗಿಸುವ ಮೊದಲೇ ಬಲಗಡೆಯ ಸೇವಂತಿಗೆ ಜಾರಿತು. ಗಾಳಿಯೇ ಇರಲಿಲ್ಲ. ಆದರೆ ಆಪರೇಷನ್ ಥಿಯೇಟರಿನೊಳಗೆ ಹೋದ ನಮ್ಮಮ್ಮ ಬಿಳಿ ಬಟ್ಟೆ ಹೊದ್ದು ಹೊರಬಂದದ್ದನ್ನು ಬಾಗಿಲಲ್ಲಿ ಕೂತು ನೋಡಿದವಳು ನಾನು. ಮನೆಗೆ ಬಂದು, “ಎಡಗಡೆ ಆಯ್ತು ಅಣ್ಣಾ,” ಅಂದುಬಿಟ್ಟೆ.

ಕೈ ಕಟ್ಟಿದರು, ಬಿಚ್ಚಿದರು. ಮೂಳೆ ಕೂಡಲಿಲ್ಲ. ಅಂಗಡಿಯ ಷಟರ್ ಎತ್ತಲು ಅವನು ದಾರಿಹೋಕರನ್ನು ಕರೆಯುವಂತಾಯಿತು. ಈಗಲೂ ಪ್ಲೇಟ್ ಹಾಕಬಹುದು, ಸೊಂಟದಿಂದ ಚೂರು ಮೂಳೆ ತೆಗೆದು ತುಂಬಬೇಕು ಎಂದರು ಡಾಕ್ಟರು.

“ದೇವ್ರೇ ಬೇಡ ಅಂದಿದಾನಲ್ಲ ಸಾರ್. ಅಲ್ವೇನೇ?” ಎಂದು ಅಣ್ಣ ನನ್ನ ಕಡೆ ಕೈ ಮಾಡಿದ.

“ಹೂಂ,” ಅಂದೆ. ಟಕ್.

ಆಮೇಲೆ ಆ ಗುಡಿಗೆ ಹೋದಾಗೆಲ್ಲ ಏನೂ ಕೇಳದೆ ನಿಂತರೂ ಬಲಗಡೆಯಿಂದ ಹೂ ಬೀಳತೊಡಗಿತು. “ಪುಣ್ಯವಂತರಮ್ಮ ನೀವು,” ಎನ್ನುತ್ತಿದ್ದರು ಅರ್ಚಕರು. ನಾನು ಬೆನ್ನು ತಿರುಗಿಸದೆ ಹಿಂದೆ ಹಿಂದೆ ನಡೆದು ಹೊರಬರುತ್ತಿದ್ದೆ. ಭಕ್ತಿಯಿಂದಲ್ಲ.

ಮೊನ್ನೆ ಸಾರು ಬಡಿಸುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಅಣ್ಣ ಕಲಸಿದ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

“ದೇವರ ಮಾತನ್ನೇ ತಿರುಗಿಸೋವಷ್ಟು ಧೈರ್ಯ ಇದೆ ನಿಂಗೆ. ಆಸ್ಪತ್ರೆ ಬಾಗಿಲಲ್ಲಿ ಕೂತ್ಕೊಳ್ಳೋಕೆ ಹೆದರ್ತೀಯಾ, ಗೂಬೆ?” ಅಂದವನೇ ಕೈ ತೊಳೆದು, ಡಾಕ್ಟರಿಗೆ ಫೋನ್ ಮಾಡಲು ಪಕ್ಕದ ಎಸ್‌ಟಿಡಿ ಬೂತಿಗೆ ಹೋದ.

ನಾಳೆ ಆಪರೇಷನ್. ಫ್ಲಾಸ್ಕು ತೊಳೆದಿಟ್ಟಿದ್ದೇನೆ. ಒಳಗೆ ಮಲಗುವವನಿಗೆ ಮತ್ತಿನ ಸೂಜಿ ಕೊಡುತ್ತಾರಂತೆ. ಹೊರಗೆ ಕೂರುವವರಿಗೆ ಏನು ಕೊಡುತ್ತಾರೋ, ಕೇಳಬೇಕು.