ಗಿಟಾರ್ ಗುರುಗಳನ್ನು ಬೈದ ಮೂರು ತಿಂಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂರು ತಿಂಗಳಲ್ಲಿ ನಾನು ಮೂವರು ಗಿಟಾರ್ ಗುರುಗಳನ್ನು ಕೈಬಿಟ್ಟೆ. ಮೂವರಿಗೂ ಫೇಸ್‌ಬುಕ್ಕಿನಲ್ಲಿ ಮಂಗಳಾರತಿ ಎತ್ತಿದೆ. ಒಬ್ಬರದೂ ತಪ್ಪಿರಲಿಲ್ಲ.

ಐವತ್ತೆರಡನೇ ವಯಸ್ಸಿಗೆ ಗಿಟಾರ್ ಯಾಕಪ್ಪಾ ಅಂದರೆ, ಹೆಂಡತಿ ಉಷಾಗೆ ಐವತ್ತು ತುಂಬುವುದರಲ್ಲಿತ್ತು. ಅವಳು ಸಾರಿಗೆ ಒಗ್ಗರಣೆ ಹಾಕುವಾಗ ಗುನುಗುವ ಹಳೇ ಸಿನಿಮಾ ಹಾಡೊಂದಿದೆ. ಹುಟ್ಟುಹಬ್ಬಕ್ಕೆ ಅದನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತೇನೆ ಅಂದೆ. ಅವಳು ನಕ್ಕಿದ್ದರೆ ನಾನು ಬಚಾವಾಗುತ್ತಿದ್ದೆ. ನಗಲಿಲ್ಲ.

“ಅಲ್ರೀ, ಬೋನ್ಸಾಯ್ ಅಂದ್ರಿ, ಜರ್ಮನ್ ಅಂದ್ರಿ, ಮನೇಲೇ ಬ್ರೆಡ್ ಅಂದ್ರಿ. ನೀವು ಶುರು ಮಾಡಿದ್ದನ್ನ ಮುಗ್ಸಿದ್ದು ಒಂದ್ಸಲ ನೋಡ್ಬೇಕು ನಾನು. ಐವತ್ತಕ್ಕೆ ಅದನ್ನೇ ಕೊಡಿ, ಸೀರೆ ಬೇಡ.”

ಸೀರೆ ಸುಲಭವಿತ್ತು.

‘ಹೊಸಬರಿಗೆ ಗಿಟಾರ್ ಹೇಳಿಕೊಡುವವರು ಯಾರಿದ್ದಾರೆ?’ ಅಂತ ಫೇಸ್‌ಬುಕ್ಕಿನಲ್ಲಿ ಕೇಳಿದೆ. ನಮ್ಮ ಬಸವನಗುಡಿಯಲ್ಲಿ ದೋಸೆಯ ಬಗ್ಗೆ ಇರುವಷ್ಟೇ ಅಭಿಪ್ರಾಯ ಗುರುಗಳ ಬಗ್ಗೆಯೂ ಇದೆ. ಒಬ್ಬರು ಪುಸ್ತಕ ಅಂದರು, ಒಬ್ಬರು ವಿಡಿಯೊ ಅಂದರು, ಒಬ್ಬರು ನಮ್ಮ ವೀಣೆಗೆ ಏನಾಗಿದೆ ರೋಗ ಅಂದರು. ತ್ಯಾಗರಾಜನಗರದ ಸ್ನೇಹಿತನೊಬ್ಬ, “ಈ ವಯಸ್ಸಲ್ಲಿ ಯಾಕೆ ಗುರು? ನನ್ನ ಮಗಳದೊಂದು ಗಿಟಾರ್ ಧೂಳು ಹಿಡೀತಿದೆ, ತಗೊಂಡ್ಹೋಗು” ಅಂದ. ಉಪದೇಶ, ಉಪಕಾರ ಎರಡನ್ನೂ ಒಂದೇ ಉಸಿರಿನಲ್ಲಿ ಮಾಡುವುದು ನಮ್ಮ ಕಡೆಯ ಪದ್ಧತಿ. ಅವನ ಮಗಳು ತಂತಿಗಳನ್ನೆಲ್ಲ ಸರಿಯಾಗಿ ಬಿಗಿದು, “ಅಂಕಲ್, ಈ ಬಿರಡೆಗಳನ್ನ ಮಾತ್ರ ಮುಟ್ಬೇಡಿ” ಅಂತ ಹೇಳಿ ಕಳಿಸಿದಳು. ದೇವರಾಣೆ, ನಾನು ಮುಟ್ಟಲಿಲ್ಲ.

ಮನೆಗೆ ತಂದು ವೀಣೆಯ ಪಕ್ಕ ಒರಗಿಸಿಟ್ಟೆ. ವೀಣೆ ಶಾರದತ್ತೆಯದು. ಅಪ್ಪನ ಅಕ್ಕ, ನನ್ನ ಸೋದರತ್ತೆ. ಎಪ್ಪತ್ತೆಂಟು ವರ್ಷ, ನಮ್ಮ ಜೊತೆಯೇ ಇದ್ದಾರೆ. ನಲವತ್ತು ವರ್ಷ ಈ ಬಡಾವಣೆಯ ಹುಡುಗಿಯರಿಗೆ ವೀಣೆ ಹೇಳಿಕೊಟ್ಟವರು. ಮದುವೆಮನೆಯಲ್ಲಿ ನಾದಸ್ವರ ಕೂದಲೆಳೆಯಷ್ಟು ಅಪಶ್ರುತಿಯಾದರೂ ಊಟ ಸೇರುವುದಿಲ್ಲ ಅವರಿಗೆ.

ಮೊದಲ ಗುರು ಪುಸ್ತಕ. ಬೆರಳು ಎಲ್ಲಿಡಬೇಕು ಅಂತ ಚಿತ್ರವಿತ್ತು. ಹಾಗೇ ಇಟ್ಟು ಮೀಟಿದರೆ ಶ್ರೀರಾಂಪುರದ ಗುಜರಿ ಅಂಗಡಿಯಲ್ಲಿ ತಗಡು ಎಳೆದ ಸದ್ದು. ವಿಚಿತ್ರವೆಂದರೆ ಬೆರಳು ಇಡದೆ ಸುಮ್ಮನೆ ಮೀಟಿದರೆ ದೇವಸ್ಥಾನದ ಹಾಗೆ ದಿವ್ಯವಾಗಿ ಮೊಳಗುತ್ತಿತ್ತು. ವಾದ್ಯ ಒಳ್ಳೆಯದೇ, ಕೆಟ್ಟದ್ದು ಪುಸ್ತಕ ಅಂತ ತೀರ್ಮಾನಿಸಿದೆ.

ಎರಡನೆಯವನು ವಿಡಿಯೊದವನು. ಸದಾ ನಗುತ್ತಿರುತ್ತಾನೆ, ಹತ್ತೇ ನಿಮಿಷಕ್ಕೆ ನಿಮಗೂ ಬರುತ್ತದೆ ಅನ್ನುತ್ತಾನೆ. ಮೊದಲು ತಂತಿಗಳ ಶ್ರುತಿ ನೋಡಿಕೊಳ್ಳಿ ಅನ್ನುವ ಭಾಗವನ್ನು ನಾನು ಓಡಿಸಿಬಿಡುತ್ತಿದ್ದೆ, ಅದು ಆಗಲೇ ಆಗಿತ್ತಲ್ಲ! ಮತ್ತೆ ತಗಡು. ಅವನ ಮೇಲೆ ಒಂದು ಉದ್ದನೆಯ ಪೋಸ್ಟ್ ಬರೆದೆ, ಲೈಕುಗಳು ಸುರಿದವು.

ಮೂರನೆಯವರು ಚಾಮರಾಜಪೇಟೆಯ ಮೇಷ್ಟ್ರು. ಆರ್ಕೆಸ್ಟ್ರಾದಲ್ಲಿ ನುಡಿಸಿ ಪಳಗಿದ ಕೈ. ಬೆನ್ನ ಮೇಲೆ ಗಿಟಾರ್ ಹೊತ್ತು ಬೀದಿಯಲ್ಲಿ ನಡೆಯಲು ನನಗೆ ನಾಚಿಕೆ, ಆದ್ದರಿಂದ ಅಲ್ಲಿಯೇ ಇದ್ದ ಅವರ ಗಿಟಾರಿನಲ್ಲಿ ಪಾಠ. “ಎಡಗೈ ಉಗುರು ತೆಗೀಬೇಕು” ಅಂದರು. ನಮ್ಮ ಮನೆಯಲ್ಲಿ ಅದೇನು ಸಾಮಾನ್ಯದ ಮಾತೇ? ಮಂಗಳವಾರ ಕೂಡದು, ಶುಕ್ರವಾರ ಕೂಡದು, ಶನಿವಾರ ಕೂಡದು, ಅಮಾವಾಸ್ಯೆ ಕೂಡದು, ದೀಪ ಹಚ್ಚಿದ ಮೇಲಂತೂ ಕೇಳಲೇಬೇಡಿ. ಪಂಚಾಂಗ ನೋಡಿ ಒಂದು ಬುಧವಾರ ಒಂದೇ ಕೈಯ ಉಗುರು ತೆಗೆದೆ. ಅತ್ತೆ ನೋಡಿ, “ಅರ್ಧಂಬರ್ಧ ಏನೋ ಇದು, ಮುನಿಸಿಪಾಲ್ಟಿ ಚರಂಡಿ ತೆಗೆದ ಹಾಗೆ?” ಅಂದರು.

ಮೇಷ್ಟ್ರ ಮನೆಯಲ್ಲಿ ಚೆನ್ನಾಗಿಯೇ ಬರುತ್ತಿತ್ತು. ನಮ್ಮ ಮನೆಗೆ ಬಂದರೆ ತಗಡು. ಹುಟ್ಟುಹಬ್ಬಕ್ಕೆ ಇನ್ನು ಹತ್ತೇ ದಿನ.  ಉಷಾ ಮಹಡಿಯ ಮೇಲೆ ನಾನು ಕೈಬಿಟ್ಟಿದ್ದ ಬೋನ್ಸಾಯ್ ಕುಂಡಗಳಲ್ಲಿ ನನ್ನ ಕಣ್ಣೆದುರೇ ಮೆಣಸಿನ ಸಸಿ ನೆಟ್ಟಳು.

ಫೇಸ್‌ಬುಕ್ಕಿನಲ್ಲಿ ಅವರಿಗೂ ಮಂಗಳಾರತಿ ಎತ್ತಿ, ಇನ್ನು ಪಾಠ ಸಾಕು ಅಂತ ಮೇಷ್ಟ್ರಿಗೆ ಹೇಳಿಯೇಬಿಟ್ಟೆ: “ಸಾರ್, ನಿಮ್ಮ ಪಾಠ ಇಲ್ಲಿ ಮಾತ್ರ ಕೆಲ್ಸ ಮಾಡುತ್ತೆ.”

ಅವರು ನನ್ನನ್ನೇ ನೋಡಿದರು. “ನಲವತ್ತು ವರ್ಷದಲ್ಲಿ ಈ ಕಂಪ್ಲೇಂಟು ಇದೇ ಮೊದ್ಲು. ನಿಮ್ಮ ಮನೇಲೇ ಏನೋ ಐತೆ. ನನ್ನ ಶಿಷ್ಯೆ ದೀಪ್ತೀನ ಕಳಿಸ್ತೀನಿ, ನೋಡ್ಲಿ.” ಮನೆಯಲ್ಲಿ ಗಾಳಿ ಸೋಕಿದೆಯಾ ಅಂತ ನೋಡಲು ಮಂತ್ರವಾದಿಯನ್ನು ಕಳಿಸುವ ಹಾಗಿತ್ತು ಧಾಟಿ.

ಭಾನುವಾರ ಬೆಳಗ್ಗೆ ದೀಪ್ತಿ ಬಂದಳು. ಇಪ್ಪತ್ತಾರರ ಹುಡುಗಿ, ನಾನು ಮಿಸ್ ಅಂದರೆ ಅವಳು ಅಂಕಲ್ ಅನ್ನುವಳು. ಗಿಟಾರ್ ಎತ್ತಿಕೊಂಡು ಸುಮ್ಮನೆ ಒಮ್ಮೆ ಮೀಟಿದಳು. ಹಾಲ್ ತುಂಬ ತಂಬೂರಿ ಮೊಳಗಿತು.

“ಅಂಕಲ್, ಇದನ್ನ ಟ್ಯೂನ್ ಮಾಡಿದ್ಯಾರು?”

“ನಾನು ಮುಟ್ಟೇ ಇಲ್ಲ, ಮಿಸ್.”

ಹೂ ಕಟ್ಟುತ್ತಿದ್ದ ಶಾರದತ್ತೆ ತಲೆಯೆತ್ತಿದರು. “ನಾನೇ ಕಣಮ್ಮ. ಆರು ತಂತೀನೂ ಒಂದೊಂದು ದಿಕ್ಕಿಗಿತ್ತು, ಅಯ್ಯೋ ಅನ್ನಿಸ್ತು. ಇವನು ಬೆಳಗ್ಗೆ ಲಾಲ್‌ಬಾಗಿಗೆ ವಾಕಿಂಗ್ ಹೋದಾಗ ದಿನಾ ಸರಿಮಾಡಿಡ್ತೀನಿ. ಸ, ಪ, ಸ, ಮತ್ತೆ ಪ.”

ಮೂರು ತಿಂಗಳಿಂದ, ದಿನಾ, ವೀಣೆಯ ಶ್ರುತಿಗೆ! ನಮ್ಮ ಮನೆಯಲ್ಲಿ ಶ್ರುತಿ ತಪ್ಪಿದ ವಾದ್ಯವನ್ನು ಹಾಗೇ ಬಿಡುವುದೂ ಒಂದೇ, ಎಂಜಲು ತಟ್ಟೆಯನ್ನು ತೊಳೆಯದೆ ಬಿಡುವುದೂ ಒಂದೇ. ಕಂಡವರು ಸರಿಮಾಡಬೇಕು, ಮಾಡಿ ಹೇಳಿಕೊಳ್ಳಬಾರದು.

“ಅಜ್ಜಿ,” ದೀಪ್ತಿ ನಗು ತಡೆದುಕೊಂಡು ಹೇಳಿದಳು, “ನಿಮ್ಮ ಶ್ರುತಿ ಒಂಚೂರೂ ತಪ್ಪಿಲ್ಲ. ಆದ್ರೆ ಗಿಟಾರಿನ ಶ್ರುತಿನೇ ಬೇರೆ. ಬುಕ್ಕಲ್ಲಿರೋ ಬೆರಳೆಲ್ಲ ಅದಕ್ಕೇ ಲೆಕ್ಕ.”

“ಮತ್ತೆ ಇವನು ಸಂಜೆ ನುಡಿಸ್ತಿದ್ದಿದ್ದು?”

“ಅದು ಸಂಗೀತ ಅಲ್ಲ, ಅಜ್ಜಿ.”

“ಹೌದಾ? ಇಂಗ್ಲಿಷ್ ವಾದ್ಯ, ಹಾಗೇ ಇರುತ್ತೇನೋ ಅಂದ್ಕೊಂಡು ಸಹಿಸ್ಕೊಂಡೆ.” ಅತ್ತೆಯ ಮುಖ ಸಣ್ಣದಾಯಿತು. “ಹಾಗಾದ್ರೆ ಮಗೂನ ನಾನೇ ಕೆಡಿಸಿದ್ನಾ?”

ಐವತ್ತೆರಡರ ಮಗು ಇಲ್ಲ ಅಂತ ತಲೆಯಾಡಿಸಿತು. ಹಾಗೆ ನೋಡಿದರೆ ಬೆರಳುಗಳು ಮೂರು ತಿಂಗಳಲ್ಲಿ ಗಟ್ಟಿಯಾಗಿದ್ದವು. ಬೈದಾದರೂ ದಿನಾ ಕೂತಿದ್ದೆನಲ್ಲ. ದೀಪ್ತಿ ಗಿಟಾರನ್ನು ಅದರದೇ ಶ್ರುತಿಗೆ ತಂದು, ಹಾಡಿಗೆ ಬೇಕಾದ ನಾಲ್ಕೇ ನಾಲ್ಕು ಹಿಡಿತಗಳನ್ನು, ಅಂದರೆ ಕಾರ್ಡ್‌ಗಳನ್ನು, ಆರಿಸಿ, ಉಳಿದ ದಿನಗಳಲ್ಲಿ ಅವನ್ನೇ ತಿಕ್ಕಿಸಿದಳು. ಕೈಬಿಟ್ಟ ಮೂವರು ಗುರುಗಳಿಗೂ ಫೇಸ್‌ಬುಕ್ಕಿನಲ್ಲಿ ಕ್ಷಮೆ ಕೇಳಿದೆ. ಅದಕ್ಕೆ ಲೈಕು ಕಡಿಮೆ.

ಹುಟ್ಟುಹಬ್ಬದ ಬೆಳಗ್ಗೆ, ಶಾವಿಗೆ ಪಾಯಸವಾದ ಮೇಲೆ ಹಾಲ್‌ನಲ್ಲಿ ಕೂತೆ. ಉಷಾ ಹಾಡತೊಡಗಿದಳು. ಒಂದು ಹಿಡಿತದಿಂದ ಇನ್ನೊಂದಕ್ಕೆ ನನ್ನ ಬೆರಳುಗಳು ಹೊರಟರೆ ಟೌನ್‌ಹಾಲ್ ಸಿಗ್ನಲ್ ದಾಟುವಷ್ಟು ಹೊತ್ತು. ಅಷ್ಟು ಹೊತ್ತೂ ಅವಳು ಪದದ ನಡುವೆಯೇ ನಿಂತು, ಕಣ್ಣಿನಲ್ಲೇ ‘ನಿಧಾನ’ ಅಂದಳು. ಬೆರಳು ಕೂತಿತು. ಅವಳು ಮುಂದಿನ ಪದ ಎತ್ತಿಕೊಂಡಳು.

ಹೊಸಬರಿಗೆ ಒಳ್ಳೆಯ ಪುಸ್ತಕ ಯಾವುದು, ಮೇಷ್ಟ್ರು ಯಾರು ಅಂತ ಈಗ ಜನ ನನ್ನನ್ನು ಕೇಳುತ್ತಾರೆ. ಯಾವುದಾದರೂ ಆದೀತು ಅನ್ನುತ್ತೇನೆ. ನಿಮ್ಮ ಬೆರಳು ಜಾಗ ಸೇರುವವರೆಗೆ ಕಾಯುವವರು ಒಬ್ಬರಿದ್ದಾರಾ ಅಂತ ಮಾತ್ರ ನೋಡಿಕೊಳ್ಳಿ. ನನಗೆ ಇಬ್ಬರಿದ್ದರು. ಆ ಬೆಳಗ್ಗೆ ತೊಡೆಯ ಮೇಲೆ ತಾಳ ಹಾಕಲು ಹೊರಟ ಶಾರದತ್ತೆ, ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು, ನಾನು ಕೊನೆಯ ಹಿಡಿತ ಹುಡುಕಿ ಮುಗಿಸುವವರೆಗೂ ಕೆಳಗಿಳಿಸಲಿಲ್ಲ.