ಹರಿದಾಸ ಮಾಡಿದ ಕುರ್ಚಿಗಳು

ಹರಿದಾಸನ ಕೆಲಸ ಆಫೀಸು ಕುರ್ಚಿಗಳ ವಿನ್ಯಾಸ. ಆದರೆ ಹೆಚ್ಚು ಹೊತ್ತು ಒಂದೇ ಕಡೆ ಕೂರುವುದು ಅವನಿಂದ ಆಗುತ್ತಿರಲಿಲ್ಲ. ಚಾಮರಾಜನಗರದಿಂದ ಚೆನ್ನೈಗೆ ಬಂದು, ತುಂಗಾಳನ್ನು ಮದುವೆಯಾಗಿ, ವೆಸ್ಟ್ ಮಾಂಬಲಂನಲ್ಲಿ ಸಂಸಾರ ಹೂಡಿದ ಮರುವರ್ಷವೇ ಬೆನ್ನು ಹಿಡಿದುಕೊಳ್ಳತೊಡಗಿತ್ತು. ಓಡಾಡಿದರೆ ಸಡಿಲವಾಗುತ್ತಿತ್ತು, ಕೂತರೆ ಮತ್ತೆ ಬಿಗಿಯುತ್ತಿತ್ತು. ಬೆನ್ನುಮೂಳೆಗಳು ನಿಧಾನವಾಗಿ ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆ, ಪೂರ್ತಿ ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅವನಿಗಿನ್ನೂ ಮೂವತ್ತೊಂದು.

ಅವನು ಕೆಲಸಕ್ಕಿದ್ದುದು ಪೆರಂಬೂರಿನ ಆಚೆಗಿದ್ದ ಸಣ್ಣ ಕಾರ್ಖಾನೆಯಲ್ಲಿ. ಮಾಲೀಕ ಸತ್ಯನಾರಾಯಣ ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡಿಗ. ಅವನು ಡ್ರಾಯಿಂಗ್ ಬೋರ್ಡನ್ನು ಗೋಡೆಗೆ ಹೊಡೆಸಿಕೊಟ್ಟ. ಹರಿದಾಸ ನಿಂತುಕೊಂಡೇ ಗೆರೆ ಎಳೆಯುತ್ತಿದ್ದ.

ಎರಡು ಸಾವಿರದ ಒಂದರಲ್ಲಿ ದೊಡ್ಡ ಆರ್ಡರೊಂದು ಬರುವ ಸೂಚನೆ ಕಂಡಿತು. ಟಿ. ನಗರದ ಒಂದು ಆಫೀಸಿನಲ್ಲಿ ಹೆಣ್ಣುಮಕ್ಕಳು ಅಮೆರಿಕದ ಡಾಕ್ಟರುಗಳ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುತ್ತಿದ್ದರು. ಅವರಿಗೆ ಹೊಸ ಕುರ್ಚಿ ಬೇಕಿತ್ತು. ಹರಿದಾಸ ಹೋಗಿ ನೋಡಿದ. ಎಲ್ಲರೂ ಸೀಟಿನ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ಉಡುಪಿ ಕಡೆಯ ಹೋಟೆಲಿನವರ ಮಗಳು ಹರ್ಷಿಣಿ ಕಾಲಡಿಗೆ ತನ್ನ ಕೈಚೀಲ ಇಟ್ಟುಕೊಂಡಿದ್ದಳು.

“ಯಾಕಮ್ಮ, ಬೆನ್ನು ಒರಗಿಸಲ್ವಾ?”

“ಒರಗಿದ್ರೆ ಕಾಲು ನೆಲಕ್ಕೆ ತಾಗುದಿಲ್ಲ ಸರ್.”

ಉದ್ದ ಕಾಲಿನ ಗಂಡಸರ ಅಳತೆಗೆ ಮಾಡಿದ ಕುರ್ಚಿಗಳವು. ಹರಿದಾಸ ಸೀಟಿನ ಆಳ ಕಡಿಮೆ ಮಾಡಿದ, ಇನ್ನಷ್ಟು ಕೆಳಕ್ಕೆ ಇಳಿಯುವಂತೆ ಮಾಡಿದ, ಸೊಂಟದ ಹಿಂದೆ ಆಸರೆ ಕೊಟ್ಟ. ಮಾದರಿ ಕುರ್ಚಿಯಲ್ಲಿ ಹರ್ಷಿಣಿ ಕೂತಳು. ಪಾದ ಪೂರ್ತಿ ನೆಲಕ್ಕೂರಿತು. ಮೆಲ್ಲಗೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಉಳಿದವರೂ ಒಬ್ಬೊಬ್ಬರಾಗಿ ಬಂದು ಕೂತು ನೋಡಿದರು.

ಮ್ಯಾನೇಜರಿಗೆ ಖುಷಿಯಾಯಿತು. “ಹಾಗಾದರೆ ಇನ್ನು ಕೆಲಸದ ಮಧ್ಯದ ಬಿಡುವು ತೆಗೆದುಬಿಡಬಹುದು ಅಲ್ಲವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಜೊತೆಗೆ ಬಂದಿದ್ದ ಸತ್ಯನಾರಾಯಣ ಹೂಂ ಎನ್ನುವಷ್ಟರಲ್ಲಿ ಹರಿದಾಸ, “ಇಲ್ಲ. ಎಂಥ ಕುರ್ಚಿಯಾದರೂ ಎದ್ದು ಓಡಾಡಲೇಬೇಕು. ಬಿಡುವು ತೆಗೆಯುವುದಾದರೆ ಈ ಕುರ್ಚಿಯಿಂದ ಏನೂ ಉಪಯೋಗವಿಲ್ಲ” ಎಂದ.

ಆರ್ಡರು ಬೇರೆಯವರ ಪಾಲಾಯಿತು.

“ಎನ್ನಪ್ಪಾ ಇದು, ನಮ್ ಮಾಲ್ನ ನೀನೇ ಉಪಯೋಗ ಇಲ್ಲ ಅಂದ್ರೆ ಹೆಂಗೆ?” ಸತ್ಯನಾರಾಯಣನ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಆಮೇಲೆ ಎಷ್ಟೋ ದಿನ ಅವನು ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದ.

“ಸುಮ್ನೆ ಇರಕ್ಕಾಗ್ತಿರ್ಲಿಲ್ವಾ?” ಎಂದು ತುಂಗಾ ಕೇಳಿದಳು.

“ಇರ್ಬೋದಿತ್ತು. ಆದ್ರೆ ಆ ಹುಡ್ಗೀರು ಒರಗಿಕೊಂಡಿದ್ದು ನೋಡ್ದೆ ಕಣೆ. ನನ್ನ ಕುರ್ಚೀನ ನಂಬಿಬಿಟ್ಟಿದ್ರು.”

ಆ ಕುರ್ಚಿ ಕೆಲವು ಬ್ಯಾಂಕುಗಳಿಗೆ, ಒಂದೆರಡು ಶಾಲಾ ಕಚೇರಿಗಳಿಗೆ ಹೋಯಿತು. ಹೆಸರೇನೂ ಬರಲಿಲ್ಲ. ಟಿ. ನಗರದ ಹೆಣ್ಣುಮಕ್ಕಳು ಬೇರೆ ಯಾವುದೋ ಕುರ್ಚಿಯಲ್ಲಿ ಕೂತು ಟೈಪ್ ಮಾಡಿದರು. ಹರ್ಷಿಣಿ ಕತ್ತುನೋವು ತಾಳದೆ ಕೆಲಸ ಬಿಟ್ಟಳೆಂದು ಹರಿದಾಸನಿಗೆ ಬಹಳ ತಡವಾಗಿ ತಿಳಿಯಿತು. ಅಂದು ಅವನು ಗೆರೆ ಎಳೆಯಲಿಲ್ಲ.

ಎರಡು ಸಾವಿರದ ಏಳರ ಹೊತ್ತಿಗೆ ಅವನ ಕತ್ತೂ ಗಟ್ಟಿಯಾಯಿತು. ಹಿಂದೆ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. ರೈಲಿನ ನೂಕುನುಗ್ಗಲಿನಲ್ಲಿ ಒಮ್ಮೆ ಬಿದ್ದ ಮೇಲೆ ಕಾರ್ಖಾನೆಗೆ ಹೋಗುವುದು ನಿಂತಿತು. ಆಗ ಸತ್ಯನಾರಾಯಣನೇ ಟೆಂಪೋದಲ್ಲಿ ಬೋರ್ಡು ಹೇರಿಸಿಕೊಂಡು ಮನೆಗೆ ಬಂದ. “ಇಲ್ಲೇ ಮಾಡು. ಮಾದರಿ ಇಲ್ಲಿಗೇ ಕಳಿಸ್ತೀನಿ” ಎಂದ. ಕೈತಪ್ಪಿದ ಆರ್ಡರಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬಂದ ಮಾದರಿಗಳಲ್ಲಿ ಕೂತು ನೋಡುವುದು ತುಂಗಾಳ ಕೆಲಸವಾಯಿತು. “ಇಲ್ಲಿ ಒತ್ತುತ್ತೆ ರೀ”, “ತೋಳು ಎತ್ತರ ಆಯ್ತು” ಎಂದು ಅವಳು ಹೇಳಿದ್ದನ್ನು ಅವನು ಗುರುತು ಮಾಡಿಕೊಳ್ಳುತ್ತಿದ್ದ. ಒಂದು ಸಂಜೆ, ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳಿ ಬಂದವಳು ಹೊಸ ಕುರ್ಚಿಯಲ್ಲಿ ಕೂತು ಬೆನ್ನು ಒರಗಿಸಿದಳು. ಹರಿದಾಸ ಪೆನ್ಸಿಲು ಹಿಡಿದು ಕಾದ.

“ಎಲ್ಲಿ ಒತ್ತುತ್ತೆ?”

“ಎಲ್ಲೂ ಇಲ್ಲ” ಎಂದಳು ತುಂಗಾ. “ಇನ್ನೊಂಚೂರು ಕೂತಿರ್ತೀನಿ ರೀ.”

ಅವನು ಪೆನ್ಸಿಲು ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಕಾಫಿಗೆ ನೀರಿಡಲು ಒಳಗೆ ಹೋದ.